ಪಡದೆ ಮ್ಯಾಲಿನ ನೊಣ

ಯಲ್ಲಾಲಿಂಗನ ಕೊಳ್ಳಾಗ ವಾಯರಿನ ಹಾರ ಹಾಕಿದ್ರು.

ಕೇಬಲ್ಲೂ ಅವಂದ, ಎಳದದ್ದೂ ಅವನ ಕೈಲೇನ. ಇಂಡಿ ಊರಿನ ಮಂಗಲ ಕಾರ್ಯಾಲಯದ ಗೇಟಿನ ಮುಂದ ಪೊಲೀಸ ಜೀಪ್ ನಿಂತಿದ್ದ ತಡ, ಲಿಂಬಿ ಬೆಳೆಗಾರರ ಸಂಘದ ಮಂದಿ ಜೇನಹುಳದಂಗ ಮುಕರಿದ್ರು. ಕಾನಸ್ಟೇಬಲ್ ಕಲ್ಮೇಶ ಅಂದ್ರ ಸಾದಾ ಆಳಲ್ಲ, ಬಾಗಲದಾಗ ನಿಂತ್ರ ಬಾಗಲಾ ಮುಚ್ಚಿ ಇನ್ನೊಂದ ಕಿಡಕಿಗೆ ಸಾಲುವಷ್ಟ ಮೈ ಉಳೀತೈತಿ. ಅಂಥವನ ಬಗಲಾಗಿಂದ ಆರೋಪಿನ್ನ ಕಸ್ಕೊಂಡ್ರು. ಹಾರ ಹಾಕಿ, ತಲಿ ಮ್ಯಾಲೆ ವೈಫೈ ಡಬ್ಬಿ ಕಟ್ಟಿ, ಮೆರವಣಿಗಿ ಮಾಡ್ಕೋತ ಸ್ಟೇಜ್ ತನಕ ತಂದ್ರು.

"ಈಗ ಸಿಗ್ನಲ್ ಬಂತೇನೋ ಮಗನ?" ಒಬ್ಬ ಡಬ್ಬಿ ಮ್ಯಾಲೆ ಟಪ್ಪಂತ ಹೊಡದ.

"ಬರವಲ್ದು. ಇನ್ನೊಂದ ಕೊಡು."

ಇನ್ನೊಂದ ಕೊಟ್ರು. ಯಲ್ಲಾಲಿಂಗನ ಮೂಗಿನಿಂದ ರಕ್ತ ಇಳದು ಬನೀನಿನ ಮ್ಯಾಲೆ ಬಿತ್ತು. ಮಂದಿ ಹೋ ಅಂತ ನಕ್ರು.

"ಮುಂದ ಯಾವ ಕೈ ಏಳ್ತೈತಿ, ಅದನ್ನ ಸೀದಾ ಠಾಣೇಕ್ಕ ಒಯ್ತೇನಿ," ಅಂತ ಹಿಂದಿನಿಂದ ಒಂದ ಹೆಣ್ಣದನಿ ಬಂತು. "ಉಳದ ಮೈ ಬೇಕಾದ್ರ ಬಸ್ ಹಿಡದು ಬರ್ಲಿ."

ಪಿಎಸ್‌ಐ ಸುವರ್ಣಾ. ಆಳ ನೋಡಿದ್ರ ಒಂದ ಗೇಣ. ಆದ್ರ ಆಕಿ ಕಣ್ಣ ಬಿಟ್ಟು ನೋಡಿದ್ಲಂದ್ರ ಕುದಿಯೂ ಹಾಲೂ ಒಂದ ಗಳಿಗಿ ಯೋಚನಿ ಮಾಡ್ತೈತಿ ಅಂತ ಇಂಡಿ ಪ್ಯಾಟ್ಯಾಗ ಹೇಳ್ತಾರ. ಮಂದಿ ಸರದು ನಿಂತ್ರು.

ಮೊನ್ನೆ ಇದ ಕಾರ್ಯಾಲಯದ ಹಾಲಿನ್ಯಾಗ ಸಂಘದ ಮೀಟಿಂಗ್ ನಡದಾಗ, ಝಳಕಿ ಊರಿನ ಮನ್ಯಾಗಿಂದ ವಿಡಿಯೋದಾಗ ಕೂಡಿದ್ದ ಸಂಘದ ಹಿರ್ಯಾಕಿ ಸುಂದರವ್ವ ಕುರ್ಚಿ ಮ್ಯಾಲೇನ ಸತ್ತಿದ್ಲು. "ನೆಟ್ ಹೋಗಿ ಚಿತ್ರ ನಿಂತತು. ಅವ್ವಗ ಉಸರ ಸಿಕ್ಕು ಒದರಿದ್ದು ನಮಗ ಕೇಳ್ಲಿಲ್ಲ" ಅಂತ ಆಕಿ ಮಗ ಅರುಣಕುಮಾರ ಫಿರ್ಯಾದಿ ಕೊಟ್ಟಿದ್ದ. ಅದಕ್ಕ ನೆಟ್ ಹಚ್ಚಿದ ಯಲ್ಲಾಲಿಂಗ ಒಳಗ ಬಿದ್ದಿದ್ದ.

"ಸಂಜಿ ಒಳಗ ಅವನ್ನ ಕೋರ್ಟಿಗೆ ಹಾಜರ ಮಾಡ್ರಿ, ಫೈಲ್ ಮುಗಸ್ರಿ," ಅಂತ ಮ್ಯಾಲಿನ ಸಾಹೇಬ್ರು ಮುಂಜಾನಿನ ಫೋನ್ ಮಾಡಿದ್ರು. ಬೇಜವಾಬ್ದಾರಿಲೆ ಜೀವಾ ತಗದ ಕೇಸು. ಸುವರ್ಣಾಗ ಮಾತ್ರ ಅದು ಗಂಟಲಾಗ ಇಳೀವಲ್ದಾಗಿತ್ತು. ಯಾಕಂದ್ರ ಎರಡ ದಿನದಿಂದ ಹೊಡತಾ ತಿಂದ್ರೂ ಈ ಯಲ್ಲಾಲಿಂಗ ಒಂದ ಮಾತಿಗೆ ಜೋತಬಿದ್ದಿದ್ದ.

"ಹೊಡೀರಿ ಮೇಡಂ, ಬ್ಯಾಡ ಅನ್ನೂದಿಲ್ಲ," ಅಂದ ಅವ, ಹಾರ ತಗೀತಿದ್ದ ಕಲ್ಮೇಶನ ಕೈಯಾಗ ತಲಿ ಕೊಟ್ಟು. "ಆದ್ರ ನೆಟ್ ಹೋಗಿತ್ತು ಅಂತ ಮಾತ್ರ ಅನಬ್ಯಾಡ್ರಿ."

"ಇನ್ನೂ ಅದ ರಾಗ ಏನೋ?" ಅಂದ್ಲು ಸುವರ್ಣಾ. "ಸಿಂದಗ್ಯಾಗ ನಿನ್ನ ಅಂಗಡಿ ಒಡದು ಸ್ಪೀಕರ್ ಎಲ್ಲಾ ಬಾವಿಗೆ ಒಗದಾರ, ಗೊತ್ತೈತೇನು?"

"ಗೊತ್ತೈತ್ರಿ. ಬಸವನ ಬಾಗೇವಾಡಿ ಮದವಿ ಆರ್ಡರ್ ಹ್ವಾತು. ಮುದ್ದೇಬಿಹಾಳದ ಸಾಲಿ ಗ್ಯಾದರಿಂಗ್ ಹ್ವಾತು. ನನ್ನ ಹಲ್ಲೊಂದು ಹ್ವಾತು. ನೆಟ್ ಮಾತ್ರ ಹೋಗಿಲ್ರಿ."

ಬಾಗಲದಾಗ ನಿಂತಿದ್ದ ಅವನ ಹೇಣ್ತಿ ಸುನಂದಾ ರೊಟ್ಟಿ ಗಂಟ ಎದಿಗೆ ಅವಚ್ಕೊಂಡು ತಲಿ ತಗ್ಗಿಸಿದ್ಲು. ಗಂಡ ಕಂಬ ಏರಿದ್ರ ಕೆಳಗ ನಿಂತು ವಾಯರ ಸುಲಿಯಾಕಿ ಆಕಿನ. ಇಬ್ಬರೂ ಕೂಡಿ ಕಟ್ಟಿದ ಧಂದೆ. ಮಂದಿ ಒಳಗ ಹೋಗುವಾಗೊಮ್ಮೆ, ಹೊರಗ ಬರುವಾಗೊಮ್ಮೆ ಆಕಿ ಕಾಲತಾಕ ಉಗಳಿದ್ರು.

"ಸರಿ," ಅಂದ್ಲು ಸುವರ್ಣಾ. "ಮೀಟಿಂಗಿನ ರೆಕಾರ್ಡಿಂಗ್ ಹಾಕು. ಇದ ಪಡದೆ ಮ್ಯಾಲೆ, ಇದ ಮಂದಿ ಮುಂದ. ನೆಟ್ ಎಲ್ಲಿ ಹ್ವಾತು ನಾನೂ ನೋಡ್ತೇನಿ."

ಮುಂದಿನ ಸಾಲಿನ್ಯಾಗ ಕುಂತಿದ್ದ ಅರುಣಕುಮಾರ ಎದ್ದು ನಿಂತ. ಬಿಳೇ ಅಂಗಿ, ಬೋಳಿಸಿದ ತಲಿ, ಹೆಗಲ ಮ್ಯಾಲೆ ಟಾವೆಲ್. ಸಂಘದ ಸೆಕ್ರೆಟರಿ ಅವನ. "ಮೇಡಂ, ನಮ್ಮ ಅವ್ವ ಸತ್ತದ್ದನ್ನ ಟಾಕೀಜಿನ್ಯಾಗ ಹಾಕಿದಂಗ ಹಾಕ್ತೀರೇನು? ಒಂದೀಟ ಮರ್ಯಾದಿ ಬ್ಯಾಡೇನ್ರಿ?"

"ಮೊನ್ನೆ ಎಲ್ಲಾರೂ ನೋಡೀರಲ್ರಿ ಅರುಣಕುಮಾರವ್ರ. ಇನ್ನೊಮ್ಮೆ ನೋಡೂನು. ಟಿಕೀಟ್ ಇಲ್ಲ."

ಯಲ್ಲಾಲಿಂಗ ಲ್ಯಾಪಟಾಪ್ ಮುಂದ ಕುಂತ. ಮೈಯೆಲ್ಲಾ ಬಾತಿತ್ತು, ಆದ್ರ ಕೀ ಮುಟ್ಟಿದ್ದ ತಡ ಬೆರಳು ಮದಮಗಳ ಬೆರಳಾದಂಗ ಆದ್ವು. ಕೆಲಸಾ ಮಾಡ್ಕೋತ ಮಾತೂ ಸುರು ಮಾಡಿದ. ಮೂಗಿನ್ಯಾಗ ರಕ್ತ ಇದ್ರೂ ಈ ವಿಷಯ ಬಂದ್ರ ಅವನ ಬಾಯಿ ನಿಲ್ಲೂದಿಲ್ಲ.

"ಮೇಡಂರಿ, ಮೀಟಿಂಗ್ ಅಂದ್ರ ಮಂದಿ ಮದ್ಲ ಊಟ ಕೇಳ್ತಾರ. ಆಮ್ಯಾಲೆ ಕುರ್ಚಿ, ಆಮ್ಯಾಲೆ ಕೂಲರ್. ನೆಟ್ ಹೆಂಗೈತಿ ಅಂತ ಕೇಳಾವ ನನಗ ಇನ್ನೂ ಹುಟ್ಟಿ ಸಿಗಬೇಕು. ನಾ ಮದ್ಲ ಅದನ್ನ ನೋಡ್ತೇನ್ರಿ. ಇಲ್ಲೂ ಹಂಗ, ಝಳಕಿ ಮನ್ಯಾಗೂ ಹಂಗ. ಕೇಬಲ್ ಲೈನ್ ಒಂದು. ಅದು ಹ್ವಾದ್ರ ಒಂದ ಕಂಪನಿ ಸಿಮ್ ಹಿಡಿತೈತಿ. ಅದೂ ಹ್ವಾದ್ರ ಇನ್ನೊಂದ ಕಂಪನೀದು. ಕರೆಂಟ್ ಹ್ವಾದ್ರ ಬ್ಯಾಟ್ರಿ. ಮುದ್ದೇಬಿಹಾಳದಾಗ ಒಂದ ಮದವಿ, ತಾಳಿ ಕಟ್ಟೂ ಹೊತ್ತಿನ್ಯಾಗ ಗಾಳಿ ಎದ್ದು ಶಾಮಿಯಾನಾ ಹಾರಿ ಆಲಮಟ್ಟಿ ಹಿನ್ನೀರಿಗೆ ಬಿತ್ರಿ. ಮದಮಗನ ಬಾಸಿಂಗ ಬಸವನ ಬಾಗೇವಾಡ್ಯಾಗ ಸಿಕ್ತು. ಭಟ್ರು ಸಿಗಲೇ ಇಲ್ಲ. ಆದ್ರ ಗಡಿ ಮ್ಯಾಲಿದ್ದ ಅವರಣ್ಣ ಮೊಬೈಲಿನ್ಯಾಗ ಎಲ್ಲಾ ನೋಡಿದ, ಒಂದ ಅಕ್ಕಿಕಾಳ ತಪ್ಪಲಿಲ್ಲ."

"ಬಾಯಿ ಮುಚ್ಚು, ಚಾಲೂ ಮಾಡು," ಅಂದ ಕಲ್ಮೇಶ.

ಪಡದೆ ಬೆಳಗಾತು.

ಮದ್ಲ ಸ್ಟೇಜ್ ಬಂತು. ಅರುಣಕುಮಾರ ಮೈಕ್ ಹಿಡದಾನ. "ಅವ್ವಾರು ಝಳಕಿಯಿಂದ ಕೂಡಾಕತ್ತಾರ. ನೆಟ್ ಬಾಳ ಸ್ಲೋ ಐತ್ರಿ, ಚಿತ್ರ ನಿಂತೈತಿ. ಯಾರೂ ಮನಸಿಗೆ ಹಚ್ಕೋಬ್ಯಾಡ್ರಿ."

ಆಮ್ಯಾಲೆ ಸುಂದರವ್ವ ಬಂದ್ಲು.

ದೊಡ್ಡ ಪಡದೆ ತುಂಬ ಆಕಿ ಮಾರಿ. ಮರದ ಕೈ-ಕುರ್ಚಿ, ಹಿಂದ ಗ್ವಾಡಿ, ಗ್ವಾಡಿಗೊಂದ ಕ್ಯಾಲೆಂಡರ್. ತಲಿ ಮ್ಯಾಲೆ ಸೆರಗು. ಕಣ್ಣ ಅರ್ಧ ತಗದು, ಬಾಯಿ ಒಂದೀಟ ಬಿಟ್ಟು, ಅಲ್ಲಾಡದ ಕುಂತಾಳ. ಬಾಜೂಕ ಸಣ್ಣ ಚೌಕದಾಗ ಸೊಲ್ಲಾಪುರ ಮಾರ್ಕೆಟ್ಟಿನ್ಯಾಗ ಸಂಘದ ಮಾಲ ನೋಡ್ಕೋಳೂ ಶಹಾಬುದ್ದೀನ.

ರೆಕಾರ್ಡಿಂಗಿನ್ಯಾಗ ಮಂದಿ ಚಾಷ್ಟಿ ಸುರು ಆತು. ಎಲ್ಲಾರ್ಕಿಂತ ದೊಡ್ಡ ದನಿ ಗುರುಲಿಂಗಪ್ಪಂದು. ಸಂಘದಾಗ ಸುಂದರವ್ವನ ಬಲಗೈಯಂತಿದ್ದ ಮುದುಕ.

"ಏ, ಆಯಿ ಪೋಟೋಕ್ಕ ಕುಂತಂಗ ಕುಂತಾಳಲೇ. ಒಂದ ಹಾರ ತರ್ರಿ, ಹಾಕೇ ಬಿಡೂನು."

ಹಾಲ ತುಂಬ ನಗಿ. ಯಾರೋ ಸೀಟಿ ಹೊಡದ್ರು. ಇನ್ನೊಬ್ಬ, "ಊದಿನಕಡ್ಡಿ ನಂದು," ಅಂದ. ಮತ್ತ ನಗಿ.

ಇವತ್ತಿನ ಹಾಲಿನ್ಯಾಗ ಮಾತ್ರ ಯಾರೂ ನಗಲಿಲ್ಲ. ಗುರುಲಿಂಗಪ್ಪ ತನ್ನ ದನಿ ಕೇಳಿ ರುಮಾಲ ಬಿಚ್ಚಿ ಬಾಯಾಗ ತುರ್ಕೊಂಡ.

ಮುಂದ ಠರಾವು ಬಂತು. ಸಂಘದ ಗೋಡೌನು, ಜಾಗಾ, ಲಿಂಬಿ ಆರಸೂ ಮಶೀನು, ಎಲ್ಲಾ ಒಂದ ಹೊಸಾ ಕಂಪನಿಗೆ ಬಿಟ್ಟುಕೊಡೂದು. ಆ ಕಂಪನ್ಯಾಗ ಅರುಣಕುಮಾರನೂ ಒಬ್ಬ ಪಾಲದಾರ. ಸುಂದರವ್ವ ಇದಕ್ಕ ವರ್ಷಗಟ್ಟಲೆ ಅಡ್ಡ ನಿಂತಿದ್ಲು.

ಅಕ್ಷರ ಬರದ ಹೆಣ್ಮಗಳು. ಅದಕ್ಕ ಸಂಘ ಕಟ್ಟಿದ ದಿನಾನ ಆಕಿ ಒಂದ ಪದ್ಧತಿ ಹಾಕಿದ್ಲು. ಚೀಟಿ ಇಲ್ಲ, ಸಹಿ ಇಲ್ಲ, ಮಂದಿ ಮುಂದ ಕೈ ಎತ್ತಬೇಕು. ಆಕಿ ಕೈ ಏಳದ ಯಾವ ಠರಾವೂ ಪಾಸಿಲ್ಲ. ಆ ಮಾತನ್ನ ಇಲ್ಲೀತನಾ ಒಬ್ಬನೂ ಮೀರಿರಲಿಲ್ಲ.

"ಒಪ್ಪಿಗಿ ಇದ್ದವ್ರು ಕೈ ಎತ್ರಿ," ಅಂದ ರೆಕಾರ್ಡಿಂಗಿನ ಅರುಣಕುಮಾರ.

ಪಡದೆ ಮ್ಯಾಲೆ ಸುಂದರವ್ವನ ಕೈ ಎದ್ದತು. ಒಮ್ಮಿಗೇ, ಜಗ್ಗಿದಂಗ. ಕಿವಿ ಮಟ ಬಂತು, ನಿಂತತು. ಬೆರಳು ಕೆಳಗ ಜೋತಾಡಿದ್ವು.

ಹಾಲ ಚಪ್ಪಾಳಿಲೆ ಒಡದ ಹ್ವಾತು. ಸುಂದರವ್ವಾಯಿಗೆ ಜೈ ಅಂದ್ರು. ಮುಂದಿನ ಸಾಲಿನವ್ರು ಎದ್ದು ಪಡದೆಗೆ ಕೈ ಮುಗದ್ರು.

"ನಿಲ್ಲಸು," ಅಂದ್ಲು ಸುವರ್ಣಾ.

ಸಣ್ಣ ಚೌಕದ ತಾಕ ಹೋಗಿ ಬೊಟ್ಟ ಇಟ್ಲು. "ಶಹಾಬುದ್ದೀನ ಏನ ಮಾಡಾಕತ್ತಾರ, ಎಲ್ಲಾರೂ ನೋಡ್ರಿ."

ಶಹಾಬುದ್ದೀನ ಚಹಾದಾಗ ಖಾರಿ ಬಿಸ್ಕೀಟ ಅದ್ದಾಕತ್ತಿದ್ದ. ಚಾಲೂ ಮಾಡಿದ್ರು. ಖಾರಿ ಚಹಾದಾಗ ಮುರದು ಬಿತ್ತು. ಅವ ಬೆರಳ ಹಾಕಿ ಅದನ್ನ ಹುಡುಕಿದ. ಸಿಕ್ಕಿದ ಮ್ಯಾಲೆ ಬೆರಳ ಸೈತ ಚೀಪಿದ. ಒಂದ ಹನಿ ಚಹಾ ಗಡ್ಡದ ಮ್ಯಾಲೆ ಇಳದದ್ದೂ ಕಂಡತು.

"ಸೊಲ್ಲಾಪುರದ ಚಹಾದ ಹನಿ ಇಂಡಿ ಪಡದೆ ಮ್ಯಾಲೆ ಹರೀತೈತಿ," ಅಂದ್ಲು ಸುವರ್ಣಾ. "ಅಂದಮ್ಯಾಲೆ ಈ ಹಾಲಿನ ನೆಟ್ಟಿಗೆ ಏನ ಧಾಡಿ ಆಗಿತ್ತು?"

ಯಲ್ಲಾಲಿಂಗ ಹಲ್ಲಿಲ್ಲದ ಸಂದ್ಯಾಗಿಂದ ನಕ್ಕ. ಎರಡ ದಿನದಾಗ ಮದ್ಲನೇ ನಗಿ.

ಅರುಣಕುಮಾರ ಆ ನಗೀನ ಅಲ್ಲೇ ಹಿಚಕಿದ. "ಹಾಲಿಂದು ಚಲೋ ಇತ್ತು ಅನ್ರಿ. ಹಂಗಾರ ಝಳಕಿ ಮನೀದು ಹೋಗೈತಿ. ಅದೂ ಇವಂದ ಅಲ್ರಿ ಮೇಡಂ? ಇಲ್ಲಿ ಸತ್ರೇನು, ಅಲ್ಲಿ ಸತ್ರೇನು, ನಮ್ಮವ್ವ ಇವನ ಕೈಯಾಗ ಸತ್ಲು."

ಮಂದಿಗೆ ಅದು ಖರೆ ಅನಸ್ತು. ಎರಡ ಚಪ್ಪಲಿ ಸ್ಟೇಜ್ ಮ್ಯಾಲೆ ಬಂದು ಬಿದ್ವು. ಒಂದು ಯಲ್ಲಾಲಿಂಗನ ಕಿವಿಗೆ ಬಡೀತು.

ಸುವರ್ಣಾ ಪಡದೆ ನೋಡ್ಕೋತ ನಿಂತಿದ್ಲು. ಚಿತ್ರ ಚಾಲೂನ ಇತ್ತು. ಸುಂದರವ್ವನ ತುಟಿ ಮ್ಯಾಲೆ ಒಂದ ಕರೇ ಚುಕ್ಕಿ.

"ಕಲ್ಮೇಶ, ಆ ನೊಣ ಓಡಸೋ. ಸತ್ತವರ ಮಾರಿ ಮ್ಯಾಲೆ ಕುಂತೈತಿ."

ಕಲ್ಮೇಶ ಟೊಪಗಿ ತಗದು ಪಡದೆ ಮ್ಯಾಲೆ ಬೀಸಿದ. ಆ ಗಾಳಿಗೆ ಹಿಂದಿನ ಸಾಲಿನ ಮೂರ ಮಂದಿ ಟಾವೆಲ್ ಹಾರಿದ್ವು. ನೊಣ ಹಾರಲಿಲ್ಲ. ಇನ್ನೊಮ್ಮೆ ಬೀಸಿದ. ಪಡದೆ ತೂಗಾಡಿತು, ನೊಣ ಅಲ್ಲೇ. ಅವ ಸ್ಟೂಲ್ ಏರಿ ಹತ್ರ ಹೋಗಿ ಬೊಟ್ಟಿಲೆ ಮುಟ್ಟಿ ನೋಡಿದ. ಆಮ್ಯಾಲೆ ಸಾವಕಾಶ ಕೆಳಗ ಇಳದ.

"ಮೇಡಂರಿ, ನೊಣ ಇಲ್ಲಿಲ್ರಿ."

"ಮತ್ತೆಲ್ಲೈತಿ?"

"ಒಳಗೈತ್ರಿ. ಝಳಕ್ಯಾಗ."

ಹಾಲಿನ್ಯಾಗಿನ ಮಂದಿ ಎದ್ದು ಪಡದೆ ಕಡಿ ಕೊಳ್ಳ ಚಾಚಿದ್ರು.

ಪಡದೆ ಮ್ಯಾಲೆ ನೊಣ ಸುಂದರವ್ವನ ಕೆಳತುಟಿ ಮ್ಯಾಲೆ ಕುಂತು ಮುಂಗಾಲ ತಿಕ್ಕೊಂತು. ಗಲ್ಲದ ಮ್ಯಾಲೆ ನಡೀತು. ಮೂಗಿನ ಹೊಳ್ಳಿ ಹೊಕ್ಕು ನೋಡಿ ಹೊರಗ ಬಂತು. ಅರ್ಧ ತಗದ ಕಣ್ಣಿನ ಮ್ಯಾಲೆ, ಕಣ್ಣಿನ ಗುಡ್ಡಿ ಮ್ಯಾಲೇನ, ಅಡ್ಡಾಡಿತು. ಆಮ್ಯಾಲೆ ಬಿಟ್ಟ ಬಾಯೊಳಗ ಹ್ವಾತು.

ಸುಂದರವ್ವ ರೆಪ್ಪಿ ಬಡೀಲಿಲ್ಲ.

"ನೊಣ ನಡೀತೈತಿ ಅಂದ್ರ ಚಿತ್ರ ನಡೀತೈತಿ," ಅಂದ್ಲು ಸುವರ್ಣಾ. ದನಿ ಏರಿಸಲಿಲ್ಲ, ಬೇಕಾಗಿರಲೂ ಇಲ್ಲ. "ನೆಟ್ ನಿಂತಿರಲಿಲ್ಲ. ಆಕಿನ ನಿಂತಿದ್ಲು. ಮೀಟಿಂಗ್ ಸುರು ಆಗೂದ್ರಾಗ ಆಕಿ ಹೆಣ ಆಗಿದ್ಲು. ಹೆಣ ಅಲ್ಲಾಡೂದಿಲ್ಲಂತ ಯಾರಿಗೂ ಸಂಶೆ ಬರಬಾರ್ದಲ್ಲ, ಅದಕ್ಕ ನೆಟ್ ಸ್ಲೋ ಐತಿ ಅಂದ್ರು. ನಮ್ಮ ಕಡಿ ಮಂದಿಗೆ ನಿಂತ ಚಿತ್ರ ನೋಡಿ ನೋಡಿ ರೂಢಿ. ಯಾರೂ ಎದ್ದು ಕೇಳ್ಲಿಲ್ಲ."

ಗುರುಲಿಂಗಪ್ಪ ಕುರ್ಚಿ ಬಿಟ್ಟು ನೆಲಕ್ಕ ಕುಂತ. "ಹಂಗಾರ ಯವ್ವಾ, ನಾವು ನಕ್ಕದ್ದು..."

"ಹೆಣದ ಮುಂದ, ಕಾಕಾ. ನೀವು ಹಾರ ತರ್ರಿ ಅಂದ್ರಲ್ಲ, ಆವಾಗ ಆಕಿಗೆ ಖರೇವಂದ್ರೂ ಹಾರ ಬೇಕಾಗಿತ್ತು."

ಮುದುಕನ ಎದ್ಯಾಗಿಂದ ಒಂದ ದನಿ ಬಂತು. ಅತ್ತದ್ದೋ ಕೆಮ್ಮಿದ್ದೋ ತಿಳೀಲಿಲ್ಲ. ಸುವರ್ಣಾ ಅವನ ಕಡಿ ತಿರಗಿ ನೋಡಲಿಲ್ಲ. ಆಕಿಗೆ ಬ್ಯಾರೆ ಒಬ್ಬನ ಮಾರಿ ಬೇಕಾಗಿತ್ತು.

ಅರುಣಕುಮಾರ ಟಾವೆಲ್ಲಿಲೆ ತುಟಿ ಒರಸ್ಕೋಳಾಕತ್ತಿದ್ದ. ನೊಣ ಅವನ ತುಟಿ ಮ್ಯಾಲೆ ಕುಂತಂಗ.

"ಎಲ್ಲಾರೂ ಹೊರಗ ನಡೀರಿ," ಅಂದ್ಲು ಸುವರ್ಣಾ. "ಅರುಣಕುಮಾರವ್ರ, ನೀವು ಕುಂಡ್ರಿ."

ಮಂದಿ ಹೊಂಟ ಹ್ವಾದ್ರು. ಬಂದಾಗ ಜೇನಹುಳ, ಹೋಗುವಾಗ ತೊಯ್ದ ಕುರಿ. ಒಳಗ ಉಳದವ್ರು ಸುವರ್ಣಾ, ಕಲ್ಮೇಶ, ಅರುಣಕುಮಾರ, ಲ್ಯಾಪಟಾಪಿನ ಮುಂದ ಯಲ್ಲಾಲಿಂಗ. ಬಾಗಲದಾಗ ಸುನಂದಾ ಹಂಗ ನಿಂತಿದ್ಲು, ಆಕಿನ್ನ ಯಾರೂ ಹೋಗು ಅನ್ನಲಿಲ್ಲ.

"ನಿಮ್ಮವ್ವಗ ಲಕ್ವಾ ಹೊಡದದ್ದು ಯಾವ ಕೈಗ್ರಿ?"

"ಬಲಗೈಗೆ. ಊರಿಗೇ ಗೊತ್ತು."

"ಎಡಗೈಲೆ ಊಟ ಮಾಡ್ತಿದ್ಲು, ಹೌದಿಲ್ರಿ? ಮತ್ತ ಠರಾವಿಗೆ ಎದ್ದದ್ದು ಬಲಗೈ. ಸತ್ತ ಮ್ಯಾಲೆ ಲಕ್ವಾ ವಾಸಿ ಆತೇನು?"

ಅರುಣಕುಮಾರ ಒಂದೀಟೂ ತಡವರಸಲಿಲ್ಲ. "ಮೇಡಂ, ಮೊಬೈಲಿನ್ಯಾಗ ಕನ್ನಡಿ ಇದ್ದಂಗ. ಎಡ ಬಲಾ ಉಲ್ಟಾ ಕಾಣ್ತೈತಿ. ಇದೂ ಗೊತ್ತಿಲ್ಲೇನ್ರಿ ನಿಮಗ?"

"ಗೊತ್ತೈತ್ರಿ. ಉಲ್ಟಾ ಆಗಿದ್ರ ಆಕಿ ಹಿಂದಿನ ಕ್ಯಾಲೆಂಡರ್ ಅಕ್ಷರಾನೂ ಉಲ್ಟಾ ಕಾಣಬೇಕಲ್ಲ. ಓದ್ರಿ ನೋಡೂನು."

ಅರುಣಕುಮಾರ ಓದಲಿಲ್ಲ. ಕಲ್ಮೇಶ ಓದಿದ. ಸಾಲಿ ಬಿಟ್ಟ ಮ್ಯಾಲೆ ಮದ್ಲನೇ ಸಲ ಓದಾಕತ್ತವ್ರಂಗ ಒಂದೊಂದ ಅಕ್ಷರ ಹಿಡದು, "ಶ್ರಾ-ವ-ಣ," ಅಂದ. ಅಕ್ಷರ ಸೀದಾನ ಇದ್ವು.

"ನಾ ಸ್ಟೇಜ್ ಮ್ಯಾಲಿದ್ದೆ," ಅಂದ ಅರುಣಕುಮಾರ. "ಹಾಲ ತುಂಬ ಮಂದಿ ಸಾಕ್ಷಿ ಅದಾರ."

"ನಿಮ್ಮ ಹೇಣ್ತಿ ಸುರೇಖಾ?"

"ಹೊಲದಾಗಿದ್ಲು. ಆಳುಗೋಳನ್ನ ಕೇಳ್ರಿ. ಮಧ್ಯಾಹ್ನ ಮನಿಗೆ ಬಂದು ನೋಡ್ಯಾಳ, ಆಮ್ಯಾಲೆ ನನಗ ಫೋನ್ ಮಾಡ್ಯಾಳ."

"ಕೊಂದಾವ ನೀನ ಅಂತ ನಾ ಅಂದೇ ಇಲ್ಲ," ಅಂದ್ಲು ಸುವರ್ಣಾ. ನೀವು ಹೋಗಿ ನೀ ಬಂದದ್ದು ಅವನಿಗೂ ಕೇಳಿಸ್ತು. "ಯಲ್ಲಾಲಿಂಗ, ಸುರೂ ಹಚ್ಚು ಇನ್ನೊಮ್ಮೆ."

ಸ್ಟೇಜ್ ಬಂತು. ಮೈಕ್ ಬಂತು. ನೆಟ್ ಬಾಳ ಸ್ಲೋ ಐತ್ರಿ, ಚಿತ್ರ ನಿಂತೈತಿ.

"ನಿಲ್ಲಸು. ಚಿತ್ರ ಎಲ್ಲೈತಿ?"

ಪಡದೆ ಮ್ಯಾಲೆ ಸುಂದರವ್ವ ಇನ್ನೂ ಬಂದೇ ಇರಲಿಲ್ಲ. ದೊಡ್ಡ ಚೌಕ ಖಾಲಿ, ಬರೇ ಕರ್ರಗ.

"ಇನ್ನೂ ಬರದ ಚಿತ್ರ ನಿಂತೈತಿ ಅಂತ ನಿನಗ ಹೆಂಗ ಗೊತ್ತಾತು? ಆಕಿ ಅಲ್ಲಾಡೂದಿಲ್ಲ ಅಂತ ಮದ್ಲ ಗೊತ್ತಿದ್ದಾವ ಒಬ್ಬನ ಈ ಮಾತ ಅಂತಾನ."

ಅರುಣಕುಮಾರ ಟಾವೆಲ್ ಮಡಚಿದ. ಬಿಚ್ಚಿದ. ಇನ್ನೊಮ್ಮೆ ಮಡಚಿದ. ಸುವರ್ಣಾ ಕಾದ್ಲು. ಸಿಕ್ಕಿಬಿದ್ದವ ಅಳ್ತಾನ, ಇಲ್ಲಾ ಬೈತಾನ, ಇಲ್ಲಾ ವಕೀಲನ್ನ ಕರೀತಾನ. ಇವ ಅದರಾಗ ಯಾವುದನ್ನೂ ಮಾಡಲಿಲ್ಲ. ಯಲ್ಲಾಲಿಂಗನ ಕಡಿ ತಿರಗಿ ಕುಂತ.

"ಯಲ್ಲಾಲಿಂಗ, ತಮ್ಮಾ," ಅಂದ. ದನಿ ಬೆಣ್ಣಿ ಹಚ್ಚಿದಂಗ ಇತ್ತು. "ಝಳಕಿ ಮನ್ಯಾಗ ಮುಂಜಾನಿ ನಮ್ಮವ್ವನ ಮುಂದ ಮೊಬೈಲ್ ಹಚ್ಚಿ, ಆಕಿನ್ನ ಸೀದಾ ಕುಂಡ್ರಿಸಿ, ಎಲ್ಲಾ ಚೆಕ್ ಮಾಡಿ ಬಂದಾವ ಯಾರು?"

"ನಾನ ರಿ. ಠಾಣ್ಯಾಗ ಹೇಳೇನಲ್ರಿ."

"ಹೇಳಿದಿ. ಸಹೀನೂ ಮಾಡಿದಿ. ಈಗ ನೋಡಪಾ. ನೆಟ್ ಹೋಗಿತ್ತು ಅಂದ್ರ ನಿಂದು ಬೇಜವಾಬ್ದಾರಿ. ಒಂದೆರಡ ವರ್ಷ, ಜಾಮೀನೂ ಸಿಗ್ತೈತಿ. ನೆಟ್ ಚಲೋ ಇತ್ತು ಅಂದ್ರ, ಮೇಡಂ ಹೇಳಿದಂಗ ನಮ್ಮವ್ವ ಮದ್ಲ ಸತ್ತಿದ್ಲು ಅಂದ್ರ, ಹೆಣದ ಮುಂದ ಕ್ಯಾಮೆರಾ ಹಚ್ಚಿ ಹೆಣಾನ ಪೋಜ್ ಕೊಟ್ಟು ಕುಂಡ್ರಿಸಿ ಬಂದಾವ ನೀನ. ಅದು ಖೂನಿ. ಸಾಯೂತನಾ ಹೊರಗ ಬರೂದಿಲ್ಲ. ಯೋಚನಿ ಮಾಡಿ ಹೇಳು. ನಿನ್ನ ನೆಟ್ ಚಲೋ ಇತ್ತೇನು?"

ಸುವರ್ಣಾ ಯಲ್ಲಾಲಿಂಗನ ಕಡಿ ನೋಡಿದ್ಲು. ಮುಂಜಾನಿಂದ ಈ ಬಡಪಾಯಿನ್ನ ಬಾ ಬಾ ಅಂತ ಕೈ ಹಿಡದು ಬಾವಿ ಕಟ್ಟಿ ಮ್ಯಾಲೆ ತಂದು ನಿಲ್ಲಿಸಿದಾಕಿ ತಾನ.

ಯಲ್ಲಾಲಿಂಗ ಲ್ಯಾಪಟಾಪ್ ನೋಡಿದ. ಸಣ್ಣ ಕೂಸಿನ್ನ ನೋಡಿದಂಗ ನೋಡಿದ. "ನೆಟ್ ಚಲೋ ಇತ್ರಿ," ಅಂದ. "ಒಂದ ಸೆಕೆಂಡೂ ಕಡೀಲಿಲ್ಲ."

"ಯಲ್ಲಾಲಿಂಗ," ಅಂದ್ಲು ಸುವರ್ಣಾ, "ನೀ ಮೊಬೈಲ್ ಹಚ್ಚುವಾಗ ಆಕಿ ಮಾತಾಡಿದ್ಲೇನೋ?"

ಅವ ಲ್ಯಾಪಟಾಪಿನ ಕಡಿ ತಲಿ ತಗ್ಗಿಸಿದ.

"ಆಕಿ ಕಾಲಾಗ ಏನ ಇತ್ತು, ಪಡದೆ ಮ್ಯಾಲೆ ಕಾಣೂದಿಲ್ಲ, ಹೇಳು."

ಹೇಳಲಿಲ್ಲ. ಅವ ಝಳಕಿಗೆ ಹೋಗೇ ಇಲ್ಲ ಅಂತ ಸುವರ್ಣಾಗ ಆವಾಗ ತಿಳೀತು. ಹೋದವರು ಬ್ಯಾರೆ. ಇವ ಅವರನ್ನ ಮುಚ್ಚಾಕತ್ತಾನ. ಹೋಗಿ ಮೊಬೈಲ್ ಹಚ್ಚಿ ಬರೂದು ತಪ್ಪೇನಲ್ಲ, ಸುಮ್ನ ಯಾಕ ಅವರನ್ನ ಠಾಣೇಕ್ಕ ಎಳಿಯೂದು ಅಂತ ಮದ್ಲನೇ ದಿನ ಹೇಳಿದ ಸುಳ್ಳು. ಇವತ್ತ ಅದು ಉರಲಾಗಿ ಬೆಳದಿತ್ತು.

"ಕೈ ಏಳೂ ಜಾಗಾ ಹಾಕು. ದೊಡ್ಡದ ಮಾಡು."

ಅವ ದೊಡ್ಡದ ಮಾಡಿದ. ಸುಂದರವ್ವನ ಬಲಗೈ ಪಡದೆ ತುಂಬ್ತು, ಎತ್ತಿನ ಗಾತ್ರ ಆತು. ಜಗ್ಗಿದ ಜೋರಿಗೆ ಸೆರಗು ಜಾರಿತ್ತು. ಆ ಸೆರಗಿನ ಕೆಳಗ, ಮೊಣಕೈ ಹಿಂದ, ಇನ್ನೊಂದ ಕೈ. ಕುರ್ಚಿ ಹಿಂದ ಕುಕ್ಕರಗಾಲಿಲೆ ಕುಂತ ಯಾರೋ ಸತ್ತ ಕೈಯನ್ನ ಕೆಳಗಿನಿಂದ ಎತ್ತಿ ಹಿಡದಾರ.

"ಇನ್ನೂ ದೊಡ್ಡದ."

ಹೆಣ್ಮಗಳ ಕೈ. ಹಸರ ಬಳಿ. ಹೆಬ್ಬಟ್ಟಿಗೆ ಕರೇ ಪಟ್ಟಿ ಸುತ್ತಿತ್ತು. ಸುವರ್ಣಾ ಮದ್ಲ ಅದನ್ನ ದವಾಖಾನಿ ಪಟ್ಟಿ ಅನ್ಕೊಂಡ್ಲು. ಅಲ್ಲ. ಅದು ಕರೆಂಟಿನ ಟೇಪು. ವಾಯರ ಸುಲಿಯೂ ಮಂದಿ ಬ್ಲೇಡಿಗೆ ಬೆರಳ ಕೊಯ್ಕೊಂಡ್ರ ದವಾಖಾನಿಗೆ ಹೋಗೂದಿಲ್ಲ, ಕಿಸೆದಾಗಿನ ಆ ಟೇಪನ್ನ ಸುತ್ಕೊಂಡು ಕೆಲಸಕ್ಕ ನಿಲ್ತಾರ.

ಯಲ್ಲಾಲಿಂಗ ಪಡದೆ ನೋಡ್ಕೋತ ಎದ್ದು ನಿಂತ. ಎರಡ ದಿನದ ಹೊಡತ ಮಾಡದ ಕೆಲಸಾ ಆ ಕೈ ಮಾಡ್ತು. ಅವ ಲ್ಯಾಪಟಾಪ್ ಮುಚ್ಚಿದ. ಪಡದೆ ಕರ್ರಗಾತು.

"ನೆಟ್ ಹೋಗಿತ್ರಿ ಮೇಡಂ," ಅಂದ.

"ಏನಂದಿ?"

"ನೆಟ್ ಹೋಗಿತ್ತು. ನಂದ ತಪ್ಪು. ಸಿಮ್ ಹಾಕಿರಲಿಲ್ಲ, ಬ್ಯಾಟ್ರಿ ಇಟ್ಟಿರಲಿಲ್ಲ. ಇಲ್ಲೀತನಾ ಹೇಳಿದ್ದೆಲ್ಲಾ ಸುಳ್ಳು. ಹಂಗಲ್ಲ ಅಂದ್ರ ಖೂನಿ ಅಂತ ಬರ್ಕೋರಿ, ನಾನ ಮಾಡೇನಿ ಅಂತ ಬರ್ಕೋರಿ. ಯಾವುದ ಬರದ್ರೂ ಸಹಿ ಮಾಡ್ತೇನಿ. ಲಗೂನ ಕೋರ್ಟಿಗೆ ಒಯ್ರಿ ನನ್ನ."

ಅರುಣಕುಮಾರ ಟಾವೆಲ್ ಹೆಗಲಿಗೆ ಹಾಕ್ಕೊಂಡು ಕುರ್ಚಿಗೆ ಬೆನ್ನ ಕೊಟ್ಟ. "ಮುಗೀತಲ್ರಿ ಮೇಡಂ. ಆರೋಪಿನ ಒಪ್ಕೊಂಡಾನ."

ಸುವರ್ಣಾ ಬಾಗಲದ ಕಡಿ ತಿರಗಿದ್ಲು.

ಸುನಂದಾ ರೊಟ್ಟಿ ಗಂಟ ನೆಲಕ್ಕ ಇಟ್ಟಿದ್ಲು. ಎರಡೂ ಕೈ ಸೆರಗಿನೊಳಗ ಇದ್ವು.

"ಕೈ ಹೊರಗ ತಗಿಯವ್ವಾ," ಅಂದ್ಲು ಸುವರ್ಣಾ.

"ಮೇಡಂರಿ, ಆಕಿಗೇನೂ ಗೊತ್ತಿಲ್ರಿ," ಯಲ್ಲಾಲಿಂಗ ಸ್ಟೇಜಿನಿಂದ ಇಳದು ನಡುವ ಬಂದು ಮೊಣಕಾಲೂರಿದ. ಸುವರ್ಣಾನ ಬೂಟ ಹಿಡದ. "ಆಕಿನ್ನ ಬಿಡ್ರಿ. ನಾ ಇಲ್ಲೇ ಅದೇನಲ್ರಿ, ನನ್ನ ಒಯ್ರಿ."

ಸುನಂದಾ ಕೈ ತಗೀಲಿಲ್ಲ. ನೆಲಕ್ಕ ಬಿದ್ದ ಗಂಡನ ಕಡಿ ನೋಡಲೂ ಇಲ್ಲ. ಅವನ ತಲಿ ಮ್ಯಾಲಿಂದ ಆಕಿ ಅರುಣಕುಮಾರನ್ನ ನೋಡಾಕತ್ತಿದ್ಲು. ಇನ್ನ ಏನ ಹೇಳ್ಲಿ ಅಂತ ಯಜಮಾನನ್ನ ಕೇಳಿದಂಗ. ಅವ ಸಾವಕಾಶ, ಒಂದ ಸಲ, ಏನೂ ಹೇಳಬ್ಯಾಡ ಅನ್ನೂವಂಗ ತಲಿ ಅಡ್ಡ ಆಡಿಸಿದ.